ಟೆಂಪ್ ಫೋಲ್ಡರಿನ ಕಾಯಂ ಸಂಸಾರ

ಇವತ್ತಾದರೂ ಸಿಟ್ಟು ಮಾಡಿಕೊಳ್ಳಬಾರದು ಅಂತ ದಿನಾ ದಹಿಸರ್‌ನಲ್ಲಿ ಲೋಕಲ್ ರೈಲು ಹತ್ತುತ್ತೇನೆ. ಕಾಂದಿವಲಿಯ ಆಫೀಸಿನಲ್ಲಿ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಯಾರೋ ಒಬ್ಬರು ಸಿಟ್ಟು ತರಿಸಿರುತ್ತಾರೆ. ಕಾಲೇಜು ಪ್ರವೇಶದ ಅರ್ಜಿ ತೆಗೆದುಕೊಳ್ಳುವ ವೆಬ್‌ಸೈಟ್ ನೋಡಿಕೊಳ್ಳುವುದು ನನ್ನ ಕೆಲಸ. ಆರು ವರ್ಷದಿಂದ ನಾನು ಟೆಂಪರರಿ. ಈ ತಿಂಗಳು ಕಾಯಂ ಆರ್ಡರ್ ಕೈಗಿಡುತ್ತೇನೆ ಎಂದು ಸಾಹೇಬರು ಮಾತು ಕೊಟ್ಟಿದ್ದರು. ಆ ಒಂದು ಕಾಗದಕ್ಕಾಗಿ ಎಲ್ಲವನ್ನೂ ಹಲ್ಲು ಕಚ್ಚಿ ಸಹಿಸಿದೆ.

೧. ರುಮಾಲು

ನಮ್ಮ ಸೈಟು ಕ್ಲೌಡ್‌ನಲ್ಲಿದೆ, ಅಂದರೆ ಎಲ್ಲೋ ಇರುವ ಬಾಡಿಗೆ ಕಂಪ್ಯೂಟರಿನಲ್ಲಿ. ಜನ ಅಪ್‌ಲೋಡ್ ಮಾಡಿದ ಫೈಲು ಮೊದಲು ‘ಟೆಂಪ್’ ಎಂಬ ಫೋಲ್ಡರಿಗೆ ಬೀಳುತ್ತದೆ. ‘ಸಬ್‌ಮಿಟ್’ ಒತ್ತಿದರಷ್ಟೇ ಕಾಯಂ ಜಾಗಕ್ಕೆ ಹೋಗುತ್ತದೆ. ಒಂದು ಗಂಟೆಯೊಳಗೆ ಒತ್ತದಿದ್ದರೆ ಅರ್ಜಿ ರದ್ದು, ಫೈಲು ಅಲ್ಲೇ ಕಸವಾಗಿ ಬಿದ್ದಿರುತ್ತದೆ.

ಬೊರಿವಲಿಯ ಒಬ್ಬ ತಂದೆ ಫೋನಿನಲ್ಲೇ ಹಾರಾಡಿದರು: “ಮೇಡಂ, ಮಗಳ ಮಾರ್ಕ್ಸ್ ಕಾರ್ಡ್ ನಾಕ್ ಸಲ ಹಾಕೀನ್ರೀ! ನಾಕೂ ಸಲ ಗಾಯಬ್!”

“ಸಬ್‌ಮಿಟ್ ಒತ್ತಿದ್ರಾ?”

“ಸಂಜಿಗೆ ಮನಿಗೆ ಬಂದು ಒತ್ತಿದ್ರಾತು ಅಂತ ಬಿಟ್ಟಿದ್ದೆ.”

“ಒಂದು ಗಂಟೆ ಒಳಗೆ ಒತ್ತಬೇಕು ಸಾರ್.”

“ಅದ್ಹೆಂಗ್ರೀ? ಬಸ್ಸಿನ್ಯಾಗ ಒಮ್ಮೆ ರುಮಾಲ್ ಹಾಕಿದ ಮ್ಯಾಲೆ ಸೀಟು ನಮ್ದಲ್ಲೇನು?”

೨. ಕಸಬರಿಗಿ

ಇಂಥ ರುಮಾಲುಗಳಿಂದಲೇ ಟೆಂಪ್ ತುಂಬಿ ಒಂದು ದಿನ ಸೈಟು ನಿಂತುಹೋಯಿತು. ಬೈಸಿಕೊಂಡದ್ದು ಮಾತ್ರ ನಾನು.

“ಇಷ್ಟು ಕಸಾ ಬೀಳೂತನಕಾ ಏನ್ ಮಾಡ್ತಿದ್ದಿ ತಂಗೀ?” ಎಂದರು ಸಾಹೇಬರು. ಅವರ ಮನೆತನ ಮೂಲತಃ ಧಾರವಾಡದ ಕಡೆಯದು.

“ಗುಡಿಸೋ ಪ್ರೋಗ್ರಾಂ ಹಾಕೋಣ ಅಂತ ಮೂರು ಮೇಲ್ ಕಳಿಸಿದ್ದೆ ಸಾರ್. ನೀವು ಒಂದಕ್ಕೂ ಉತ್ತರ ಕೊಡ್ಲಿಲ್ಲ.”

“ಮೇಲ್ ಕಳಿಸಿದ್ರ ಕಸಾ ಹೋಗ್ತದೇನು? ಕಸಬರಿಗಿ ಹಿಡೀಬೇಕು!”

ಮೈಯೆಲ್ಲ ಉರಿದುಹೋಯಿತು. ಒಂದು ದಿನಕ್ಕಿಂತ ಹಳೆಯದೇನಿದ್ದರೂ ಅಳಿಸುವ ಪ್ರೋಗ್ರಾಂ ಬರೆದು ಆಗಲೇ ಓಡಿಸಿದೆ. ಟೆಂಪ್‌ಗೆ ಬ್ಯಾಕಪ್ ಇಲ್ಲ, ಹೋದದ್ದು ಹೋಯಿತು. ನಿಜ ಹೇಳುತ್ತೇನೆ, ಆ ದಿನ ಗುಡಿಸಿದಷ್ಟು ಖುಷಿಯಾಗಿ ಮನೆಯಲ್ಲೂ ಗುಡಿಸಿಲ್ಲ.

೩. ಆರು ತಿಂಗಳ ಖೋಲಿ

ಮರುದಿನ ಸಾಹೇಬರು ಮುಖ ಒಣಗಿಸಿಕೊಂಡು ನನ್ನ ಟೇಬಲ್ಲಿಗೆ ಬಂದರು. “ಟೆಂಪ್‌ನಾಗಿಂದೆಲ್ಲಾ ಎಲ್ಲಿ ಹೋತು?”

“ಗುಡಿಸ್ದೆ. ನೀವೇ ಹೇಳಿದ್ದು.”

“ಅಯ್ಯ! ನನ್ನ ಜರೂರ್ ಫೈಲೆಲ್ಲಾ ಅಲ್ಲೇ ಇಟ್ಟಿದ್ದೆನಲ್ಲವಾ!”

ನಾನು ಕುರ್ಚಿ ಬಿಟ್ಟು ಎದ್ದೆ. “ನನ್ನ ಆರ್ಡರ್?”

“ಅದೂ ಅಲ್ಲೇ ಇತ್ತು. ಮಾಲಕರು ಇಂಥಾವಕ್ಕ ಸಹಿ ಹಾಕೂದು ವರ್ಷಕ್ಕೊಮ್ಮೆ. ಮತ್ತ ಆಗಬೇಕಂದ್ರ ಇನ್ನ ಮುಂದಿನ ವರ್ಷನ.”

ಇಡೀ ಮಹಡಿಗೆ ಕೇಳುವಂತೆ ಕೂಗಿದೆ: “ಟೆಂಪರರಿ ಅಂತ ಹೆಸರಲ್ಲೇ ಇದೆಯಲ್ಲ ಸಾರ್! ಅದರೊಳಗೆ ಯಾರಾದ್ರೂ ಕಾಯಂ ಆರ್ಡರ್ ಇಡ್ತಾರಾ?”

ಸಾಹೇಬರಿಗೆ ನಿಜಕ್ಕೂ ಆಶ್ಚರ್ಯವಾಯಿತು.

“ಟೆಂಪರರಿ ಅಂದ್ರ ಯಾರೂ ಮುಟ್ಟೂದಿಲ್ಲಂತನ ಅಲ್ಲಿಟ್ಟೆ ತಂಗೀ! ನಮ್ಮ ಚಾಳ್ ಕೆಡವಿದಾಗ, ಹೊಸಾ ಮನಿ ಕಟ್ಟಿ ಕೊಡೂತನಕಾ ಇರ್ರಿ ಅಂತ ಅಪ್ಪಗ ಆರು ತಿಂಗಳಿಗಂತ ಟ್ರಾನ್ಸಿಟ್ ಕ್ಯಾಂಪ್‌ನಾಗ ಖೋಲಿ ಕೊಟ್ರು. ನಾ ಹುಟ್ಟಿದ್ದು ಅಲ್ಲೇ, ನನ್ನ ಮಗನ ಲಗ್ನಾ ಆಗಿದ್ದೂ ಅಲ್ಲೇ. ಅಷ್ಟ್ಯಾಕ, ಆರು ವರ್ಷದಿಂದ ನೀನೂ ಟೆಂಪರರಿ ಇದ್ದಿ. ನಿನ್ನ ಯಾರರ ಅಳಿಸ್ಯಾರೇನು?”