ಏಕಾದಶಿಯ ದಿನ ಬಂದ ವಿಡಿಯೋ ಗೇಮು

ಎಲ್ಲ ಶುರುವಾದದ್ದು ಸಾಹೇಬರ ಹೆಬ್ಬೆರಳ ಮೇಲೆ ಎದ್ದ ಒಂದು ಬೊಬ್ಬೆಯಿಂದ.

ಸವಣೂರಿನ ಒಂದು ಸರಕಾರಿ ಕಚೇರಿಯಲ್ಲಿ ಪ್ರಹ್ಲಾದರಾಯರು ಹದಿನೆಂಟು ವರ್ಷದಿಂದ ಗುಮಾಸ್ತರು. ಕೆಲಸದಲ್ಲಿ ಹೇಗೋ ಏನೋ, ಸಾಹೇಬರ ಹುಬ್ಬು, ಮೂಗು, ಬೆರಳು ನೋಡಿ ಕಚೇರಿಯ ಹವಾಮಾನ ಹೇಳುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಹೀಗಾಗಿ ಆ ಬುಧವಾರ ಮಹಾಲಿಂಗಪ್ಪ ಸಾಹೇಬರು ಸಹಿ ಮಾಡುತ್ತ ಮಾಡುತ್ತ ‘ಸ್ಸ್’ ಎಂದು ಹೆಬ್ಬೆರಳಿಗೆ ಗಾಳಿ ಊದಿಕೊಂಡದ್ದು ರಾಯರ ಕಣ್ಣಿಗೆ ಬೀಳದೆ ಇರಲಿಲ್ಲ. ಅವರು ಪಕ್ಕದ ಮೇಜಿನ ಗುಡ್ಡಪ್ಪನ ಕಡೆ ಬಾಗಿದರು.

“ಸಾಹೇಬರ ಬೆರಳಿಗೆ ಏನಾಗ್ಯದೋ ಗುಡ್ಡಪ್ಪಾ?”

“ನಿಮ್ಮ ಬಾಜೂ ಮನೀ ಸುದ್ದಿ ನಿಮಗ ಗೊತ್ತಿಲ್ಲೇನ್ರಿ ರಾಯ್ರ? ದಿನಾ ಸಂಜಿಕೆ ಚನ್ನವೀರಪ್ಪಾರ ಮನ್ಯಾಗ ಟೀವಿ ಆಟ ಆಡಾಕತ್ತಾರ. ಕಿವಿ ತಿರುವಿ ತಿರುವಿ ಬೊಬ್ಬಿ ಬಂದೈತಿ.”

ಚನ್ನವೀರಪ್ಪನದು ವೀಳ್ಯದೆಲೆಯ ವ್ಯಾಪಾರ. ಎಲೆಯ ಪೆಂಡಿ ಸಾಗಿಸಲು ಪುಣೆಯ ಕಡೆ ಹೋದವನು ಬರುವಾಗ ಒಂದು ಡಬ್ಬಿ ತಂದಿದ್ದ. ಅದನ್ನು ಟೀವಿಗೆ ಸಿಕ್ಕಿಸಿದರೆ ಪರದೆಯ ಎರಡು ಕಡೆ ಎರಡು ಗೆರೆ, ನಡುವೆ ಒಂದು ಚುಕ್ಕಿ. ರೇಡಿಯೋ ಕಿವಿಯಂಥ ಎರಡು ಗುಂಡಿ. ಒಂದನ್ನು ನೀವು ತಿರುವಬೇಕು, ಇನ್ನೊಂದನ್ನು ಎದುರಿನವ. ಗೆರೆ ಮೇಲೆ ಕೆಳಗೆ ಸರಿದು ಚುಕ್ಕಿಯನ್ನು ಹೊಡೆಯಬೇಕು. ಟೊಕ್, ಟೊಕ್. ಇಷ್ಟೇ ಆಟ. ಗೋಡೆಯಾಚೆ ಎರಡು ತಿಂಗಳಿಂದ ಈ ಸದ್ದು ಕೇಳುತ್ತಿದ್ದ ರಾಯರು, ಅಲ್ಲಿ ಯಾರೋ ಅಡಿಕೆ ಕುಟ್ಟುತ್ತಿದ್ದಾರೆಂದೇ ತಿಳಿದಿದ್ದರು.

“ಇನ್ನೊಂದು ಸುದ್ದಿ ಐತ್ರಿ,” ಎಂದ ಗುಡ್ಡಪ್ಪ. ಅವನ ಹತ್ತಿರ ಯಾವಾಗಲೂ ಇನ್ನೊಂದು ಸುದ್ದಿ ಇರುತ್ತಿತ್ತು. “ನಮ್ಮ ಕಚೇರಿಯಿಂದ ಒಬ್ಬರಿಗೆ ಹಿರೇಕೆರೂರಿಗೆ ವರ್ಗಾ ಆಗೈತಿ. ಹೆಸರು ಇನ್ನೂ ಹೊರಗ ಬಿದ್ದಿಲ್ಲ. ಹದಿನೆಂಟು ವರ್ಷ ಕುಂತಲ್ಲೇ ಕುಂತವರು ಯಾರದಾರ, ನೀವ ವಿಚಾರ ಮಾಡ್ರಿ.”

ರಾಯರ ಕೈಯೊಳಗಿನ ಪೆನ್ನು ಮೇಜಿನ ಮೇಲೆ ಬಿತ್ತು.

ಹಿರೇಕೆರೂರು ಕೆಟ್ಟ ಊರೇನಲ್ಲ. ಆದರೆ ರಾಯರ ತಾಯಿ ಇಂದಿರಾಬಾಯಿ ಮಡಿಗೆ ತಮ್ಮ ಹಿತ್ತಲಿನ ಬಾವಿಯ ನೀರನ್ನು ಬಿಟ್ಟು ಬೇರೆ ನೀರು ಮುಟ್ಟಿದವರಲ್ಲ. “ಈ ಬಾವಿ ಬಿಟ್ಟು ನಾ ಎಲ್ಲಿಗೂ ಬರೂದಿಲ್ಲ,” ಎಂದು ಅವರು ಎಂದೋ ಹೇಳಿಬಿಟ್ಟಿದ್ದರು. “ಅತ್ತಿಯವರನ್ನ ಬಿಟ್ಟು ನಾ ಹೆಂಗ ಬರ್ಲಿ?” ಎಂದು ಹೆಂಡತಿ ಮನೋರಮಾಬಾಯಿಯೂ ಹೇಳಿದ್ದರು, ಸ್ವಲ್ಪ ಖುಷಿಯಿಂದಲೇ. ಅಂದರೆ ಹೋಗುವವರು ರಾಯರೊಬ್ಬರೇ. ಅಲ್ಲಿ ಒಂದು ಖೋಲಿ ಹಿಡಿದು ತಾವೇ ಅಡಿಗೆ ಮಾಡಿಕೊಳ್ಳಬೇಕು. ಅಡಿಗೆಯ ವಿಷಯದಲ್ಲಿ ರಾಯರಿಗೆ ಬರುತ್ತಿದ್ದುದು ಒಂದೇ: ಉಪ್ಪು ಹೆಚ್ಚಾಗಿದೆ ಎಂದು ಹೇಳುವುದು.

ಆ ಸಂಜೆ ರಾಯರು ಹಿತ್ತಲ ಗೋಡೆಗೆ ಕಿವಿಹಚ್ಚಿ ಟೊಕ್ ಟೊಕ್ ಕೇಳುತ್ತ ಯೋಚಿಸಿದರು. ಸಾಹೇಬರು ಯಾರ ಮನೆಯಲ್ಲಿ ಆಟವಾಡುತ್ತಾರೋ ಅವರನ್ನು ದೂರ ಕಳಿಸುವಷ್ಟು ದಡ್ಡರಲ್ಲ. ಎರಡು ಗೆರೆ, ಒಂದು ಚುಕ್ಕಿಗೇ ಇಷ್ಟು ಮರುಳಾದವರು ನಿಜವಾದ ಮಷೀನು ಕಂಡರೆ ಏನಾದಾರು? ಮರುದಿನ ಬೆಳಿಗ್ಗೆಯೇ ಅವರು ಮುಂಬೈಗೆ ಟ್ರಂಕ್ ಕಾಲ್ ಹಚ್ಚಿ ಹೆಂಡತಿಯ ತಮ್ಮ ಅನಂತನನ್ನು ಹಿಡಿದರು. ಅಂಥ ಮಷೀನು ಇದೆ ಎಂದ ಅನಂತ. ಹತ್ತು ಆಟ, ಒಂದೊಂದಕ್ಕೂ ಬೇರೆ ಡಬ್ಬಿ, ಎಲ್ಲ ಬಣ್ಣದ್ದು. ರವಿವಾರದ ಬೆಳಗಿನ ಗಾಡಿಗೆ ಬರುವವರ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ, ಯಲವಿಗಿ ಸ್ಟೇಶನ್ನಿನಲ್ಲಿ ಇಳಿಸಿಕೊಳ್ಳಿ ಎಂದ.

ಶುಕ್ರವಾರ ರಾಯರು ಸಾಹೇಬರ ಕೋಣೆಗೆ ಹೋಗಿ ಕೈಮುಗಿದರು. “ರವಿವಾರ ಸಂಜಿಮುಂದ ನಮ್ಮ ಮನಿಗೆ ಬರಬೇಕ್ರಿ ಸಾಹೇಬ್ರ. ಮುಂಬೈಯಿಂದ ವಿಡಿಯೋ ಗೇಮ್ ಬರ್ಲಿಕ್ಕೆ ಹತ್ಯದ. ಹತ್ತು ಆಟ.”

ಸಾಹೇಬರು ಪೆನ್ನು ಕೆಳಗಿಟ್ಟರು. “ನಿಮ್ಮ ಸ್ವಂತದ್ದೇನ್ರಿ?”

“ಸ್ವಂತದ್ದ ರೀ,” ಎಂದ ರಾಯರಿಗೆ ತಟ್ಟನೆ ಒಂದು ಜಾಣ ಮಾತು ಹೊಳೆಯಿತು. “ನಾ ಎಲ್ಲಿರ್ತೇನೋ ಅದೂ ಅಲ್ಲೇ ಇರ್ತದ್ರಿ.”

“ಹೌದಲ್ರಿ!” ಎಂದರು ಸಾಹೇಬರು. ಅವರ ಮುಖ ಅರಳಿತು. ಮಧ್ಯಾಹ್ನದ ಬಸ್ಸಿಗೆ ಅವರು ಯಾವುದೋ ಕೆಲಸದ ಮೇಲೆ ಧಾರವಾಡಕ್ಕೆ ಹೋದರು. ರಾಯರು ಆ ರಾತ್ರಿ ಎರಡು ತುತ್ತು ಹೆಚ್ಚಿಗೆ ಉಂಡರು.

ರವಿವಾರ ಬೆಳಿಗ್ಗೆ ಐದಕ್ಕೆ ಎದ್ದು ಚಹಾ ಕೇಳಿದಾಗ ಮನೋರಮಾಬಾಯಿ, “ಇವತ್ತ ಏಕಾದಶಿ,” ಎಂದರು.

ರಾಯರು ಪಂಚಾಂಗ ನೋಡದೆ ಸಾಹೇಬರನ್ನು ಕರೆದುಬಿಟ್ಟಿದ್ದರು! ಏಕಾದಶಿಯೆಂದರೆ ಆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಇಂದಿರಾಬಾಯಿ ಬಾಯಿಗೆ ನೀರೂ ಹಾಕುವುದಿಲ್ಲ. ಸಾಹೇಬರಿಗೆ ಒಂದು ಕಪ್ಪು ಚಹಾ ಕೊಡುವ ದಾರಿಯೂ ಇಲ್ಲ. ಆದರೆ ಕರೆದ ಸಾಹೇಬರನ್ನು ಬರಬೇಡಿ ಎನ್ನಲಾದೀತೆ? ಆಟದ ಮುಂದೆ ಚಹಾ ಯಾರಿಗೆ ಬೇಕು ಎಂದು ತಮಗೆ ತಾವೇ ಹೇಳಿಕೊಂಡು, ಖಾಲಿ ಹೊಟ್ಟೆಯಲ್ಲಿ ಯಲವಿಗಿಗೆ ಹೋಗಿ ರಟ್ಟಿನ ಪೆಟ್ಟಿಗೆ ಇಳಿಸಿಕೊಂಡರು.

ಬರುವಾಗ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸವಣೂರು ಪೇಟೆಗೆ ತತ್ತಿ ಮಾರಲು ಹೊರಟಿದ್ದ ಲಾಲಬಿ ಎಂಬ ಮುದುಕಿ, “ಬರ್ರಿ ಅಣ್ಣಾರ, ಇಲ್ಲಿ ಕುಂತ್ಕೋರಿ,” ಎಂದು ತನ್ನ ಬುಟ್ಟಿ ಸರಿಸಿ ಜಾಗ ಮಾಡಿಕೊಟ್ಟಳು. ಮುಂದೆ ಒಂದು ತಗ್ಗಿನಲ್ಲಿ ಬಸ್ಸು ಹಾರಿ ಕೂತಿತು. ರಾಯರ ತೊಡೆಯ ಮೇಲಿನ ಪೆಟ್ಟಿಗೆ ನೇರವಾಗಿ ಬುಟ್ಟಿಯೊಳಗೆ ಇಳಿಯಿತು.

“ನನ್ನ ಮೂರು ತತ್ತಿ ಹೋದ್ವು, ಹೋಗ್ಲಿ ಬಿಡ್ರಿ,” ಎಂದಳು ಲಾಲಬಿ. “ನಿಮ್ಮ ಡಬ್ಬಿಗೆ ಏನೂ ಆಗಿಲ್ಲ ಹೌದಿಲ್ಲರಿ?”

ಡಬ್ಬಿಯ ಕೆಳಗಿನಿಂದ ಹಳದಿ ಲೋಳೆ ಸೋರುತ್ತಿತ್ತು. ರಾಯರು ಹೆಗಲ ಮೇಲಿನ ಟವೆಲಿನಿಂದ ಒರೆಸಿ, ಆ ಟವೆಲನ್ನು ಕಿಟಕಿಯಿಂದ ಹೊರಗೆ ಒಗೆದು, ಯಾರೂ ನೋಡಲಿಲ್ಲವೆಂದುಕೊಂಡರು. ಸ್ಟ್ಯಾಂಡಿನಲ್ಲಿ ಇಳಿಯುವಷ್ಟರಲ್ಲಿ ಚನ್ನವೀರಪ್ಪ ಎದುರಾದ. ಬೇಡವೆಂದರೂ ಕೇಳದೆ ಪೆಟ್ಟಿಗೆಯ ಒಂದು ಬದಿ ಹಿಡಿದು, ಮೂಗು ಏರಿಸಿ, “ಏನ್ರಿ ರಾಯ್ರ, ತತ್ತಿ ವಾಸನಿ ಬರಾಕತ್ತೈತಿ?” ಎಂದ.

“ಹೊಸಾ ಮಷೀನಿನ ವಾಸನಿ ಹಂಗ ಇರ್ತದ,” ಎಂದರು ರಾಯರು.

ಮನೆಯಲ್ಲಿ ಮಷೀನು ಬಿಚ್ಚಿ, ಒಂದು ಆಟದ ಡಬ್ಬಿ ಅದರ ಬಾಯಿಗೆ ತುರುಕಿ ನೋಡಿದರೆ ಟೀವಿಗೆ ಸಿಕ್ಕಿಸುವ ವೈರು ಗಿಡ್ಡವಾಗಿತ್ತು. ರಾಯರು ವೈರು ತರಲು ಪೇಟೆಗೆ ಓಡಿದರು. ಚನ್ನವೀರಪ್ಪ ಮಾತ್ರ ಕಟ್ಟೆಯ ಮೇಲೆ ಕೂತೇ ಇದ್ದ. ಪೇಟೆಯಲ್ಲಿ ವೈರು ಸಿಕ್ಕು ರಾಯರು ಮರಳಿದಾಗ ಬಾವಿಕಟ್ಟೆಯ ಮೇಲೆ ಒಂಬತ್ತು ಆಟದ ಡಬ್ಬಿಗಳು ಸಾಲಾಗಿ ಬಿಸಿಲಿಗೆ ಒಣಗುತ್ತಿದ್ದವು, ಸಂಡಿಗೆ ಹಾಕಿದಂತೆ.

“ಅವ್ವಾ! ಏನು ಮಾಡಿದಿ?”

“ತೊಳದೇನೋ ಪಲ್ಲ್ಯಾ,” ಎಂದರು ಮಗನನ್ನು ಇನ್ನೂ ಚಿಕ್ಕಂದಿನ ಹೆಸರಿನಿಂದಲೇ ಕರೆಯುತ್ತಿದ್ದ ಇಂದಿರಾಬಾಯಿ, ಒದ್ದೆ ಕೈ ಒರೆಸಿಕೊಳ್ಳುತ್ತ. “ಎರಡು ನೀರಾಗ ತೊಳದೇನಿ. ಏಕಾದಶಿ ದಿನ ತತ್ತಿ ಹತ್ತಿದ್ದು ಒಳಗ ಹೆಂಗ ತಗೊಳ್ಳೋದು? ಚನ್ನವೀರಪ್ಪ ಪಾಪ, ತತ್ತಿ ವಾಸನಿ ಬರ್ತದ ಅಂತ ಹೇಳಿದ.”

ಮಷೀನನ್ನೂ ಬಾವಿಗೆ ಕೊಂಡೊಯ್ಯುವ ಮೊದಲೇ ಮನೋರಮಾಬಾಯಿ ಅದನ್ನೆತ್ತಿ ಹಾಸಿಗೆಯ ಸುರುಳಿಯೊಳಗೆ ಬಚ್ಚಿಟ್ಟಿದ್ದರು. ಹೀಗಾಗಿ ಅದರ ಬಾಯಿಯಲ್ಲಿದ್ದ ಒಂದೇ ಒಂದು ಆಟ ಉಳಿದಿತ್ತು.

ಸಂಜೆ ಸಾಹೇಬರು ಬಂದರು. ಹಿಂದೆ ಗುಡ್ಡಪ್ಪ ಬಂದ. ಅವನ ಹಿಂದೆ ಚನ್ನವೀರಪ್ಪನ ಮನೆಯಲ್ಲಿ ದಿನವೂ ಕೂಡುತ್ತಿದ್ದ ಇಡೀ ಓಣಿ ಬಂತು. ಚನ್ನವೀರಪ್ಪನೂ ಬಂದು ಕೈಕಟ್ಟಿ ನಿಂತ. ರಾಯರು ಮಷೀನಿನ ಇಂಗ್ಲಿಷ್ ಪುಸ್ತಿಕೆಯನ್ನು ತೆರೆದು ಇಪ್ಪತ್ತು ಮಿನಿಟು ಓದಿ, ಅರ್ಥ ಹೇಳಿದರು. ಎಂಟನೆಯ ಪುಟದಲ್ಲಿ ಸಾಹೇಬರು ಆಕಳಿಸಿದರು. ಕೂಡಲೇ ಓಣಿಯೆಲ್ಲ ಆಕಳಿಸಿತು.

ಕೊನೆಗೂ ಆಟ ಹತ್ತಿತು. ಬಣ್ಣದ ಆಟ ರಾಯರ ಹಳೆಯ ಟೀವಿಯಲ್ಲಿ ಬೂದಿ ಬಣ್ಣದಲ್ಲೇ ಮೂಡಿತು. ಒಂದು ಇಲಿ, ಅದರ ಮುಂದೆ ಸಂದಿಗೊಂದಿಗಳ ತುಂಬ ಕಾಳು, ಬೆನ್ನಟ್ಟುವ ಮೂರು ಬೆಕ್ಕು. ಸಾಹೇಬರು ಮಷೀನಿಗೆ ಜೋಡಿಸಿದ್ದ ಪುಟ್ಟ ಕೋಲು ಹಿಡಿದು, ಅದನ್ನು ಅತ್ತಿತ್ತ ವಾಲಿಸುತ್ತ ಇಲಿಯನ್ನು ಓಡಿಸತೊಡಗಿದರು.

“ಇನ್ನೊಂದು ಕೋಲು ಎಲ್ಲೈತ್ರಿ?” ಎಂದು ಕೇಳಿದ ಚನ್ನವೀರಪ್ಪ.

“ಇದು ಒಬ್ಬರ ಆಡೋದು.”

“ಹಂಗಾದ್ರ ಸಾಹೇಬ್ರ ಮುಂದ ಸೋಲವ್ರು ಯಾರ್ರಿ?”

ಚನ್ನವೀರಪ್ಪನ ಚುಕ್ಕಿಯಾಟ ಯಾಕೆ ಅಷ್ಟು ನಡೆಯುತ್ತಿತ್ತು ಎಂಬುದು ರಾಯರಿಗೆ ಆಗ ಹೊಳೆಯಿತು. ಅಲ್ಲಿ ಓಣಿಯ ದೊಡ್ಡವರೆಲ್ಲ ಸರದಿಯ ಮೇಲೆ ಸಾಹೇಬರಿಗೆ ಸೋಲಲು ಬರುತ್ತಿದ್ದರು. ಯಾರಿಗೆ ಸಾಹೇಬರ ಹತ್ತಿರ ಕೆಲಸವಿತ್ತೋ ಅವರ ಕೈಯ ಗುಂಡಿ ಆ ದಿನ ತಿರುಗುತ್ತಲೇ ಇರಲಿಲ್ಲ. ಮುಂಬೈಯ ಬೆಕ್ಕುಗಳಿಗೆ ಇದೆಲ್ಲ ಎಲ್ಲಿ ತಿಳಿಯಬೇಕು? ಅವು ಸಾಹೇಬರೆಂದೂ ನೋಡದೆ ಎರಡು ಸಲ ಇಲಿಯನ್ನು ಹಿಡಿದು ನುಂಗಿದವು.

ಮೂರನೆಯ ಸಲ ಇಲಿ ಕಾಳಿಗೆ ಬಾಯಿ ಹಾಕಿದಾಗ ಒಳಗಿನಿಂದ ಇಂದಿರಾಬಾಯಿಯ ದನಿ ಬಂತು.

“ಪಲ್ಲ್ಯಾ! ಏನು ತಿನ್ಲಿಕ್ಕೆ ಹತ್ಯದೋ ಅದು?”

“ಕಾಳು ಅವ್ವಾ. ಸುಮ್ಮನ ಆಟದ ಕಾಳು.”

“ಏಕಾದಶಿ ದಿನ ನಮ್ಮ ಮನ್ಯಾಗ ಕಾಳು ತಿನ್ನೋದೇನು?”

ಮನೋರಮಾಬಾಯಿ ನಡುವೆ ಬಂದರು. “ಅತ್ತೀ, ಅದು ಇಲಿ ರೀ. ಇಲಿಗೆಲ್ಲಿ ಏಕಾದಶಿ?”

“ಈ ಮನ್ಯಾಗಿದ್ದ ಮ್ಯಾಲೆ ಇಲಿಗೂ ಅದ.”

ಸಾಹೇಬರು ಹಿರಿಯರ ಮಾತು ಮೀರುವವರಲ್ಲ. ಅವರು ಕಾಳು ಮುಟ್ಟದ ಹಾಗೆ ಇಲಿಯನ್ನು ಒಂದು ಮೂಲೆಯಲ್ಲಿ ನಿಲ್ಲಿಸಿದರು. ಉಪವಾಸ ನಿಂತ ಇಲಿಯನ್ನು ಮೂರು ಬೆಕ್ಕುಗಳು ಒಟ್ಟಿಗೇ ಬಂದು ತಿಂದವು. ಅದೇ ಹೊತ್ತಿಗೆ ಗೋಡೆಯಾಚೆಯಿಂದ ಎಣ್ಣೆಯಲ್ಲಿ ಮೆಣಸಿನಕಾಯಿ ಬಿದ್ದ ಘಮ ತೇಲಿಬಂತು. ಅದರ ಹಿಂದೆಯೇ ಚನ್ನವೀರಪ್ಪನ ಹೆಂಡತಿ ಸುಶೀಲವ್ವನ ಕೂಗು: “ಮಿರ್ಚಿ ಆರಾಕತ್ತಾವು, ಎಲ್ಲಾರೂ ಬರ್ರಿ!”

ಸಾಹೇಬರು ಮೂಗಿನ ಹಿಂದೆ ಎದ್ದರು. ಓಣಿ ಸಾಹೇಬರ ಹಿಂದೆ ಎದ್ದಿತು. ಗುಡ್ಡಪ್ಪ ಮಾತ್ರ ಬಾಗಿಲಲ್ಲಿ ನಿಂತು, “ಚಿಂತಿ ಮಾಡಬ್ಯಾಡ್ರಿ ರಾಯ್ರ. ಹಿರೇಕೆರೂರಾಗ ಸ್ಟೋವ್ ರಿಪೇರಿಯವ್ರು ಚೊಲೋ ಅದಾರಂತ,” ಎಂದು ಸಮಾಧಾನ ಹೇಳಿ ಹೋದ.

ರಾಯರು ಖಾಲಿ ಹೊಟ್ಟೆಯಲ್ಲಿ, ಖಾಲಿ ಪಡಸಾಲೆಯಲ್ಲಿ ಕೂತರು. ಆಚೆಯಿಂದ ಟೊಕ್, ಟೊಕ್, ನಡುವೆ ಓಣಿಯವರ “ಭಲೇ ಸಾಹೇಬ್ರ!” ಅವರಿಗೆ ಅಳು ಬಂದಿತ್ತು. ಹಿರೇಕೆರೂರಿನ ಖೋಲಿ, ಹತ್ತದ ಸ್ಟೋವು, ಸೀದ ಅನ್ನ ಎಲ್ಲ ಕಣ್ಣ ಮುಂದೆ ಬಂದವು. ಗೋಡೆಯ ಮೇಲಿನ ದೇವರ ಪಟಕ್ಕೆ ಕೈಮುಗಿದು, ಹೇಗಾದರೂ ಮಾಡಿ ಸಾಹೇಬರ ಮನಸ್ಸನ್ನು ನನ್ನ ಮಷೀನಿನ ಕಡೆ ತಿರುಗಿಸಪ್ಪ ಎಂದು ಬೇಡಿಕೊಂಡರು.

ಅರ್ಧ ತಾಸಿನಲ್ಲಿ ಸಾಹೇಬರು ಮೀಸೆ ಒರೆಸಿಕೊಳ್ಳುತ್ತ ಒಬ್ಬರೇ ಮರಳಿ ಬಂದರು. “ಕುಂದ್ರಿ, ಕುಂದ್ರಿ ಪ್ರಹ್ಲಾದರಾವ್. ನನಗ ನಿಮ್ಮ ಮಷೀನ ಪಸಂದ ಬಂತು.”

ರಾಯರಿಗೆ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ. “ಖರೇನ ರೀ? ಒಂಬತ್ತು ಡಬ್ಬಿ ತೊಯ್ದು ಹೋಗ್ಯಾವ್ರಿ...”

“ಒಣಗತಾವ ಬಿಡ್ರಿ.”

“ಚನ್ನವೀರಪ್ಪನವರ ಆಟಕ್ಕಿಂತ ಚೊಲೋ ಅನಿಸ್ತೇನ್ರಿ?”

“ಛೇ! ಅವರ ಆಟಕ್ಕ, ಅವರ ಮನೀ ಮಿರ್ಚಿಗೆ ಯಾವುದೂ ಸಾಟಿ ಇಲ್ಲ,” ಎಂದರು ಸಾಹೇಬರು. “ಆದ್ರ ಎಲೀ ವ್ಯಾಪಾರದವ್ರನ್ನ ವರ್ಗಾ ಮಾಡಾಕ ಬರೂದಿಲ್ಲಲ್ರಿ.”

ರಾಯರಿಗೆ ಅರ್ಥವಾಗಲಿಲ್ಲ.

“ಹಿರೇಕೆರೂರಿಗೆ ಹೊಂಟಾಂವ ನಾನ್ರಿ. ಹೋದ ತಿಂಗಳ ಆರ್ಡರ್ ಬಂದೈತಿ. ಅಲ್ಲಿ ಸಂಜಿ ಹೆಂಗ ಕಳೀಬೇಕು ಅಂತ ಅನ್ನ ಸೇರಿದ್ದಿಲ್ಲ. ಶುಕ್ರವಾರ ನೀವು ಬಂದು, ‘ನಾ ಎಲ್ಲಿರ್ತೇನೋ ಅದೂ ಅಲ್ಲೇ’ ಅಂದ್ರಿ ನೋಡ್ರಿ, ಅವತ್ತ ಧಾರವಾಡಕ್ಕ ಹೋಗಿ ನಿಮ್ಮ ಹೆಸರೂ ಹಾಕ್ಸಿ ಬಂದೇನಿ.” ಸಾಹೇಬರು ಕಿಸೆಯಿಂದ ಒಂದು ಕಾಗದ ತೆಗೆದು ರಾಯರ ಕೈಗಿಟ್ಟು ಬೆನ್ನು ತಟ್ಟಿದರು. “ಕೋಲಿನ ಆಟ. ಬೆರಳಿಗೆ ಬೊಬ್ಬಿನೂ ಬರೂದಿಲ್ಲ.”

ಮರುದಿನ ದ್ವಾದಶಿ. ಉಪವಾಸ ಬಿಡುವ ಪಾರಣೆಗೆಂದು ಬೆಳಕು ಹರಿಯುವ ಮೊದಲೇ ಒಲೆ ಹೊತ್ತಿತು. ಹಸಿದು ಕಂಗೆಟ್ಟಿದ್ದ ರಾಯರು ತಟ್ಟೆಯ ಮುಂದೆ ಕೂತರೆ, ಮನೋರಮಾಬಾಯಿ ಅವರ ಮುಂದೆ ಅಕ್ಕಿಯ ಪಾತ್ರೆ ಇಟ್ಟರು.

“ನೀವು ಹೋಗಲಿಕ್ಕೆ ಇನ್ನ ನಾಕು ದಿನ ಅದ. ಇವತ್ತಿಂದ ಕಲೀರಿ. ಮೊದಲು ತೊಳೀರಿ.”

“ಎಷ್ಟು ತೊಳೀಬೇಕು?” ಎಂದರು ರಾಯರು, ಸೋತ ದನಿಯಲ್ಲಿ.

ದೇವರ ಮನೆಯಿಂದ ಇಂದಿರಾಬಾಯಿ ಉತ್ತರಿಸಿದರು: “ಎರಡು ನೀರಾಗ ತೊಳಿಯೋ ಪಲ್ಲ್ಯಾ. ನಾ ನಿನ್ನ ಡಬ್ಬಿ ತೊಳದಂಗ.”