ಗುರುತು ಸಿಗದ ಬದಲಿ ಆಟಗಾರ

ಬೀರು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡದ್ದೇ ಎಲ್ಲದಕ್ಕೂ ಮೂಲ. ಕನ್ನಡಕದಂಗಡಿಯವನ ಭಾಮೈದ ತನ್ನಕ್ಕನಿಗೆಂದು ಆಸೆಪಟ್ಟು ತಂದ ಆ ಕಬ್ಬಿಣದ ಬೀರು ಅರ್ಧ ದಾರಿ ಏರಿ, ಮೇಲಕ್ಕೂ ಹೋಗದೆ ಕೆಳಕ್ಕೂ ಬಾರದೆ, ಮುನಿಸಿಕೊಂಡ ಎಮ್ಮೆಯಂತೆ ನಿಂತುಬಿಟ್ಟಿತು. ಕೆಳಗೇ ವಾಸವಿದ್ದ ಮನೆ ಯಜಮಾನರೋ, ಗೋಡೆಗೆ ಒಂದು ಮೊಳೆ ಹೊಡೆದರೂ ಬಾಡಿಗೆದಾರರನ್ನು ಮನೆಯಿಂದ ಎಬ್ಬಿಸುತ್ತೇನೆ ಎಂದವರು. ಈಗ ನೋಡಿದರೆ ಮೆಟ್ಟಿಲ ರೇಲಿಂಗನ್ನೇ ಕತ್ತರಿಸಬೇಕಾಗಿತ್ತು. ಪುಣ್ಯಕ್ಕೆ ಕೆಳಗಿನ ಮನೆಗೆ ಬೀಗ ಬಿದ್ದಿತ್ತು.

"ರೀ, ವೆಲ್ಡಿಂಗ್‌ನೋನು ಬರ್ತಾನಂತೆ. ಕತ್ತರಿಸಿ, ಬೀರು ಹತ್ತಿಸಿ, ಮತ್ತೆ ಕೂಡಿಸಿ ಬಣ್ಣ ಹೊಡ್ದು ಕೊಡ್ತಾನಂತೆ. ಅಲ್ಲೀವರೆಗೂ ಯಜಮಾನ್ರು ಈ ಕಡೆ ತಲೆ ಹಾಕ್ದೇ ಇರೋ ಹಾಗೆ ನೋಡ್ಕೊಳ್ಳಿ" ಎಂದಳು ಹೆಂಡತಿ.

"ಅದೇನು ಮಹಾ! ಅವರು ಇವತ್ತು ಮ್ಯಾಚ್‌ನಲ್ಲಿರ್ತಾರೆ. ಅಲ್ಲಿ ರೆಫ್ರಿ ಯಾರು? ನಾನು!" ಎಂದು ಕನ್ನಡಕದಂಗಡಿಯವ ಎದೆ ತಟ್ಟಿಕೊಂಡ.

ವಾರವೆಲ್ಲ ಕನ್ನಡಕ ಮಾರಿ ಭಾನುವಾರ ಸೀಟಿ ಊದುವವನು ಅವನು. ಫುಟ್‌ಬಾಲಿನ ನಿಯಮಗಳೆಲ್ಲ ಅವನ ನಾಲಿಗೆಯ ತುದಿಯಲ್ಲಿದ್ದವು. ಯಜಮಾನರು ಮೇಲ್ಬೀದಿ ತಂಡದ ಬದಲಿ ಆಟಗಾರರು. ಅರವತ್ತು ದಾಟಿದವರನ್ನು ಆಟಕ್ಕಿಳಿಸುವ ಧೈರ್ಯ ಯಾರಿಗೂ ಇರಲಿಲ್ಲ. ತಂಡಕ್ಕೆಲ್ಲ ಜೆರ್ಸಿ ಕೊಡಿಸಿದವರು ಅವರೇ ಆದ್ದರಿಂದ ಕೈಬಿಡುವ ಧೈರ್ಯವೂ ಇರಲಿಲ್ಲ. ಹಾಗಾಗಿ ಅವರು ಎಷ್ಟೋ ವರ್ಷಗಳಿಂದ ಬೆಂಚಿನ ಮೇಲೆ ಕೂತು ಬಾಯಲ್ಲೇ ಆಡುತ್ತಿದ್ದರು.

ಆಟ ಶುರುವಾಗಿ ಬೆವರು ಮೂಡುವ ಮೊದಲೇ ಬೆಂಚಿನಿಂದ ಗುಡುಗು ಕೇಳಿಸಿತು. "ಏಯ್ ರೆಫ್ರಿ! ಕಣ್ಣು ಅಂಗಡೀಲೇ ಬಿಟ್ಟು ಬಂದ್ಯೇನೋ?"

ರೆಫ್ರಿಯ ಕೈ ತಾನಾಗಿ ಜೇಬಿಗೆ ಹೋಯಿತು, ಅಲ್ಲೇ ನಿಂತಿತು. ಬೆಂಚಿನಲ್ಲಿ ಕೂತ ಬದಲಿ ಆಟಗಾರನಿಗೂ ಕಾರ್ಡು ತೋರಿಸಬಹುದು, ನಿಜ. ಆದರೆ ಹಳದಿ ಎರಡಾದರೆ ಕೆಂಪು. ಕೆಂಪು ಕಂಡವನು ಮೈದಾನದ ಹತ್ತಿರವೂ ಸುಳಿಯುವಂತಿಲ್ಲ. ಯಜಮಾನರು ಇಲ್ಲಿಂದ ಹೊರಬಿದ್ದರೆ ನೆಟ್ಟಗೆ ಮನೆಗೇ ಹೋಗುವವರು. ಅಲ್ಲಿ ರೇಲಿಂಗು ಎರಡು ತುಂಡಾಗಿ ಬಿದ್ದಿರುತ್ತದೆ. ಅಷ್ಟರಲ್ಲಿ ಇನ್ನೊಂದು ನಿಯಮ ನೆನಪಾಗಿ ಅವನ ಮುಖ ಅರಳಿತು. ಬೆಂಚಿನಲ್ಲಿ ತಪ್ಪು ಮಾಡಿದವರು ಯಾರೆಂದು ಗುರುತು ಸಿಗದಿದ್ದರೆ ಶಿಕ್ಷೆ ಕೋಚಿಗೆ!

"ಕೂಗಿದ್ಯಾರು ಅಂತ ಗುರುತು ಸಿಗ್ಲಿಲ್ಲ" ಎಂದು ಗಂಭೀರವಾಗಿ ಹೇಳಿ, ಕೋಚ್ ಆಗಿದ್ದ ಬೇಕರಿಯವನಿಗೆ ಹಳದಿ ಕಾರ್ಡು ತೋರಿಸಿದ.

"ಅಯ್ಯೋ, ನಾನು ಬಾಯೇ ಬಿಟ್ಟಿಲ್ವಲ್ಲಪ್ಪಾ!"

"ನಿಯಮ ಅಂದ್ರೆ ನಿಯಮ."

ಬೇಕರಿಯವ ಕಕ್ಕಾಬಿಕ್ಕಿಯಾದ. ಅವನ ಪಕ್ಕದಲ್ಲಿದ್ದ ಯಜಮಾನರ ಮುಖ ಕೆಂಪಾಯಿತು.

ವಿರಾಮದಲ್ಲಿ ಭಾಮೈದ ಏದುಸಿರು ಬಿಡುತ್ತ ಬಂದ. "ಭಾವ, ರೇಲಿಂಗ್ ಕತ್ತರಿಸಾಯ್ತು. ಬೀರು ಮಾತ್ರ ಜಪ್ಪಯ್ಯ ಅಂದ್ರೂ ಅಲ್ಲಾಡ್ತಿಲ್ಲ."

"ಅದನ್ನ ನೀನು ಅಲ್ಲಾಡ್ಸು. ಇಲ್ಲೀದು ನನಗೆ ಬಿಡು" ಎಂದು ಭಾವ ಸೀಟಿ ಒರೆಸಿಕೊಂಡ.

ಮತ್ತೆ ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ನೀರಿನ ಬಾಟಲಿಯೊಂದು ಹಾರಿಬಂದು ರೆಫ್ರಿಯ ಬೆನ್ನಿಗೆ ಬಡಿಯಿತು. ತಿರುಗಿ ನೋಡಿದರೆ ಎಸೆದ ಕೈ ಇನ್ನೂ ಎತ್ತಿದಂತೆಯೇ ಇತ್ತು. ಯಜಮಾನರು ಅದನ್ನು ಇಳಿಸುವ ಗೋಜಿಗೂ ಹೋಗಿರಲಿಲ್ಲ.

"ಎಸೆದಿದ್ಯಾರೋ ಗುರುತು ಸಿಗ್ಲಿಲ್ಲ!" ಎಂದು ಬೇಕರಿಯವನಿಗೆ ಕೆಂಪು ಕಾರ್ಡು ತೋರಿಸಿದ. ಬೇಕರಿಯವ ಟೋಪಿಯನ್ನು ನೆಲಕ್ಕೆ ಬಡಿದು, ಇನ್ನು ಮೇಲೆ ಈ ಮನುಷ್ಯನಿಗೆ ಒಂದು ಬನ್ನೂ ಮಾರುವುದಿಲ್ಲವೆಂದು ಸಾರಿ ಹೊರಟುಹೋದ. ತಂಡದ ಗಾಯಕ್ಕೆ ಪಟ್ಟಿ ಕಟ್ಟುವ ಕಾಂಪೌಂಡರ್ ಅವನ ಜಾಗಕ್ಕೆ ಬಂದ.

"ಊರಿಗೆಲ್ಲ ಕನ್ನಡಕ ಮಾರ್ತೀಯ, ನೀನೂ ಒಂದು ಹಾಕ್ಕೊಳ್ಳೋ!" ಎಂದು ಜನ ಕೂಗಿದರು. ರೆಫ್ರಿಗೆ ನಿಜಕ್ಕೂ ನೋವಾಯಿತು. ಆದರೂ ತಲೆಯ ಮೇಲಿನ ಸೂರಿಗಿಂತ ಮರ್ಯಾದೆ ದೊಡ್ಡದಲ್ಲವೆಂದು ನುಂಗಿಕೊಂಡ.

ಆಟ ಮುಗಿಯುತ್ತ ಬಂದಿತ್ತು. ಎರಡೂ ಕಡೆ ಗೋಲಿಲ್ಲ. ಕೆಳಬೀದಿಯವರು ಒದ್ದ ಚೆಂಡು ಗೋಲಿನ ಬಾಯಿಗೇ ಉರುಳುತ್ತಿದ್ದಾಗ, ಯಜಮಾನರು ಬೆಂಚು ಬಿಟ್ಟು ಇದ್ದಬದ್ದ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿಕೊಂಡು ಓಡಿ ಬಂದು ಅದನ್ನು ತಡೆದೇಬಿಟ್ಟರು. ಚೆಂಡಿನ ಮೇಲೆ ಕಾಲಿಟ್ಟು, ಸೊಂಟದ ಮೇಲೆ ಕೈಯಿಟ್ಟು, ರೆಫ್ರಿಯ ಮೂಗಿನ ಎದುರಿಗೇ ನಿಂತರು.

"ಈಗ ಹೇಳು!"

ಗೆರೆಯಾಚೆ ಮತ್ತೆ ಪ್ರತ್ಯಕ್ಷನಾಗಿದ್ದ ಭಾಮೈದ ಕುಂಚ ಹಿಡಿದವನಂತೆ ಗಾಳಿಯಲ್ಲಿ ಕೈಯಾಡಿಸಿ, ಇನ್ನೂ ಇಲ್ಲವೆಂದು ತಲೆ ಅಲ್ಲಾಡಿಸುತ್ತಿದ್ದ. ಬೀರು ಹತ್ತಿತ್ತು, ಬಣ್ಣ ಇನ್ನೂ ಬಾಕಿ! ರೆಫ್ರಿ ಪೆನಾಲ್ಟಿ ಕೊಟ್ಟ; ಅದರಲ್ಲಿ ರಾಜಿಯಿಲ್ಲ. ಆಮೇಲೆ ಕಣ್ಣುಜ್ಜಿಕೊಂಡ.

"ಸಿಕ್ಕಾಪಟ್ಟೆ ಧೂಳು. ಯಾರೋ ಒಳಗೆ ಬಂದ್ರು, ಗುರುತು ಸಿಗ್ಲಿಲ್ಲ" ಎಂದು ಕಾಂಪೌಂಡರ್‌ಗೆ ಕೆಂಪು ಕಾರ್ಡು ತೋರಿಸಿದ. ಪೆನಾಲ್ಟಿ ಗೋಲಾಯಿತು. ಮೇಲ್ಬೀದಿ ಸೋತಿತು. ಯಜಮಾನರು ಬೆಂಚಿಗೆ ಹೋಗಿ ಮೈದಾನಕ್ಕೆ ಬೆನ್ನು ಹಾಕಿ ಕೂತರು.

ಕೊನೆಯ ಸೀಟಿಯ ಹೊತ್ತಿಗೆ ಭಾಮೈದ ಮನೆಯಿಂದ ಬಂದ ಫೋನನ್ನು ಕಿವಿಗಿಟ್ಟುಕೊಂಡೇ ಹೆಬ್ಬೆರಳು ಎತ್ತಿ ತೋರಿಸಿದ. ಗೆದ್ದೆ ಎಂದುಕೊಂಡು ಕನ್ನಡಕದಂಗಡಿಯವ ಯಜಮಾನರ ಜೊತೆಯಲ್ಲೇ ಮನೆಗೆ ನಡೆದ. ರೇಲಿಂಗು ಹೊಸದರಂತೆ ಹೊಳೆಯುತ್ತಿತ್ತು. ಯಜಮಾನರು ಅದರ ಕಡೆ ತಿರುಗಿಯೂ ನೋಡದೆ ತಮ್ಮ ಬಾಗಿಲ ಬೀಗ ತೆಗೆದರು.

"ಈ ತಿಂಗಳ ಕೊನೇಗೆ ಮನೆ ಖಾಲಿ ಮಾಡಿ" ಎಂದರು.

ಕನ್ನಡಕದಂಗಡಿಯವ ಬಾಗಿಲಿಗೆ ಅಡ್ಡ ಬಂದ. "ಯಜಮಾನ್ರೇ, ನಾನೇನು ತಪ್ಪು ಮಾಡ್ದೆ? ನಿಮಗೆ ಒಂದು ಕಾರ್ಡೂ ತೋರಿಸ್ಲಿಲ್ವಲ್ಲ!"

"ಅದೇ ಕಣ್ರೀ! ಇಷ್ಟು ವರ್ಷದಿಂದ ದಿನಾ ನನ್ನ ಮುಖ ನೋಡ್ಕೊಂಡೇ ಓಡಾಡ್ತೀರ. ಇವತ್ತು ಇಡೀ ಊರಿನೆದುರು ಸಲಸಲಕ್ಕೂ ನನ್ನ ಗುರುತೇ ಇಲ್ಲ ಅಂದ್ರಿ." ಯಜಮಾನರು ಅವನನ್ನು ಸರಿಸಿ ಬಾಗಿಲು ತಳ್ಳಿದರು. "ಗುರುತು ಪರಿಚಯ ಇಲ್ದೋರಿಗೆ ನಾನು ಬಾಡಿಗೆಗೆ ಮನೆ ಕೊಡೋದಿಲ್ಲ."