ಬ್ರೇಕ್ ಮೇಷ್ಟ್ರ ಬಲಗಾಲು

ಚೀಟಿ ಎತ್ತುವುದರಲ್ಲಿ ಮೋಸ ನಡೆಯದೇ ಇದ್ದಿದ್ದರೆ ಬ್ರೇಕ್ ಮೇಷ್ಟ್ರು ಈ ಜನ್ಮದಲ್ಲಿ ವಿಡಿಯೋ ಗೇಮಿನ ತಂಟೆಗೆ ಹೋಗುತ್ತಿರಲಿಲ್ಲ.

ಆ ಡ್ರೈವಿಂಗ್ ಸ್ಕೂಲಿನಲ್ಲಿ ಮೂವರು ಮೇಷ್ಟ್ರು. ಇವರೇ ಹಿರಿಯರು. ಕಲಿಯುವವರ ಪಕ್ಕದಲ್ಲಿ ಕೂತು, ಮೇಷ್ಟ್ರ ಕಾಲಿಗೆಂದೇ ಜೋಡಿಸಿರುವ ಎರಡನೇ ಬ್ರೇಕನ್ನು ಇಪ್ಪತ್ತೆರಡು ವರ್ಷದಿಂದ ಒತ್ತಿಕೊಂಡು ಬಂದವರು. ಮುಂದೆ ನಾಯಿ ಬಂದರೆ ಯಾರಾದರೂ ಒತ್ತುತ್ತಾರೆ. ಇವರು ನಾಯಿ ಬರಬಹುದು ಅನ್ನಿಸಿದರೂ ಒತ್ತುತ್ತಿದ್ದರು. ಮನೆಯಲ್ಲಿ ಟೀವಿ ನೋಡುವಾಗ ಪರದೆಯ ಮೇಲೆ ಯಾರಾದರೂ ಜೋರಾಗಿ ಓಡಿದರೆ ಸಾಕು, ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ಕುರ್ಚಿಯ ಮುಂದಿನ ಚಾಪೆ ಅಷ್ಟೇ ಜಾಗದಲ್ಲಿ ಸವೆದು ತೂತಾಗಿತ್ತು. ಆದರೆ ಅವರ ಕೈಗೆ ಕೊಟ್ಟ ಯಾವ ಕಾರಿಗೂ ಇಲ್ಲಿಯ ತನಕ ಒಂದು ಗೀರು ಬಿದ್ದಿರಲಿಲ್ಲ. ಈಗಿನ ಬಿಳಿ ಕಾರನ್ನಂತೂ ದಿನಾ ಬೆಳಗ್ಗೆ ತಾವೇ ಒರೆಸಿ, ಅದರ ಬಾಗಿಲಿನಲ್ಲಿ ಮುಖ ನೋಡಿಕೊಂಡು ತಲೆ ಬಾಚುತ್ತಿದ್ದರು.

ಸ್ಕೂಲಿಗೆ ಒಬ್ಬ ಗಿರಾಕಿ ಇದ್ದರು. ಸಂಜೆ ಐದೂವರೆಗೆ ಬರುತ್ತಿದ್ದುದರಿಂದ ಎಲ್ಲರೂ ‘ಐದೂವರೆ’ ಅಂತಲೇ ಕರೆಯುತ್ತಿದ್ದರು. ಬ್ರೇಕ್ ಮೇಷ್ಟ್ರದು ಬೆಳಗಿನ ಬ್ಯಾಚು. ಒಂಬತ್ತಕ್ಕೆಲ್ಲ ಮನೆ ಸೇರುವ ಅವರು ಐದೂವರೆಯನ್ನು ಕಣ್ಣಾರೆ ಕಂಡಿರಲಿಲ್ಲ. ಐದೂವರೆ ಮಾಡಿದ್ದನ್ನು ಮಾತ್ರ ಕಂಡಿದ್ದರು. ಮೊದಲು ಕಲಿಸಿದ ಮೇಷ್ಟ್ರು ಈಗ ಕತ್ತಿಗೆ ಪಟ್ಟಿ ಕಟ್ಟಿಕೊಂಡು ಓಡಾಡುತ್ತಿದ್ದರು. ಎರಡನೆಯವರು ‘ನಿಲ್ಸಿ, ನಿಲ್ಸಿ’ ಎಂದು ಕೂಗಿ ಕೂಗಿ ದನಿ ಕಳೆದುಕೊಂಡು ಪಿಸುಮಾತಿಗೆ ಇಳಿದಿದ್ದರು. ಇಬ್ಬರ ಕೈಯಲ್ಲೂ ಕಲಿತು ಐದೂವರೆ ಆರು ಸಲ ಫೇಲಾಗಿದ್ದರು. ಬೇಡ ಅಂತ ಕಳಿಸೋಣವೆಂದರೆ ಸ್ಕೂಲಿನ ಬೋರ್ಡಿನ ಮೇಲೆ ಆಳುದ್ದದ ಅಕ್ಷರದಲ್ಲಿ ಬರೆಸಿಬಿಟ್ಟಿದ್ದಾರೆ: ‘ಪಾಸಾಗುವ ತನಕ ಕಲಿಸುತ್ತೇವೆ.’

“ಗೋಡೆ ಕಂಡ್ರೆ ತಿರುಗಿಸ್ತಾರೆ ಸಾರ್. ಇಲ್ಲ ಅನ್ನಲ್ಲ,” ಎಂದಿದ್ದರು ಕತ್ತುಪಟ್ಟಿ ಮೇಷ್ಟ್ರು, ಮೈಯನ್ನೆಲ್ಲ ಒಟ್ಟಿಗೆ ಇವರ ಕಡೆ ತಿರುಗಿಸಿ. “ಆದ್ರೆ ಗೋಡೆ ಕಡೆಗೇ ತಿರುಗಿಸ್ತಾರೆ.”

ಮುಂದೆ ಯಾರು ಕಲಿಸಬೇಕು ಅಂತ ಚೀಟಿ ಎತ್ತಿದರು. ಬ್ರೇಕ್ ಮೇಷ್ಟ್ರ ಹೆಸರು ಬಂತು. ಮೇಷ್ಟ್ರಿಗೆ ಯಾಕೋ ಅನುಮಾನ ಬಂದು ಉಳಿದ ಎರಡು ಚೀಟಿ ಬಿಡಿಸಿದರೆ ಅವುಗಳಲ್ಲೂ ಅವರದೇ ಹೆಸರು. ಗಲಾಟೆಯೋ ಗಲಾಟೆ. ಆಗ ಸ್ಕೂಲಿನ ಮಾಲೀಕರು ತಮ್ಮ ಮನೆಯ ಅಟ್ಟದಿಂದ ಒಂದು ಹಳೇ ವಿಡಿಯೋ ಗೇಮಿನ ಪೆಟ್ಟಿಗೆ ಇಳಿಸಿ ತಂದರು. ನಾಲ್ಕು ಜನ ಒಟ್ಟಿಗೆ ಕೂತು ಆಡುವ ಕಾರ್ ರೇಸು.

“ಇದ್ರಲ್ಲಿ ಮೋಸ ಮಾಡೋಕಾಗಲ್ಲ. ನಾಳೆ ಸಂಜೆ ಐದಕ್ಕೆ ಪಂದ್ಯ. ನಿಮ್ಮ ಮೂರು ಜನದಲ್ಲಿ ಯಾರು ಕೊನೇಗೆ ಬರ್ತೀರೋ ಅವರಿಗೆ ಐದೂವರೆ, ಅವರದೇ ಕಾರಲ್ಲಿ. ನಾಲ್ಕನೇ ಕಾರು ನಂದು, ಸುಮ್ನೆ ನ್ಯಾಯ ನೋಡೋಕೆ,” ಎಂದರು.

ನೋಡೋಣವೆಂದು ಅಲ್ಲೇ ಆಡಲು ಕೂತರು. ಇಡೀ ರಸ್ತೆಯನ್ನು ಹಾವಿನ ಹಾಗೆ ಸುರುಳಿ ಸುತ್ತಿ ಒಂದೇ ಪರದೆಯಲ್ಲಿ ತುರುಕಿದ್ದರು. ಮೇಲಿನಿಂದ ನೋಡಿದರೆ ಕಾರುಗಳು ಅಕ್ಕಿಕಾಳಿನಷ್ಟು. ಕಾರು ಮೇಲೆ ಹೋಗುವಾಗ ಎಡ ಎಡವೇ. ಕೆಳಗೆ ಬರುವಾಗ ಎಡ ಒತ್ತಿದರೆ ಕಾರು ನಮ್ಮ ಬಲಕ್ಕೆ ಹೋಗುತ್ತದೆ. ಮೇಷ್ಟ್ರು ತಿರುವು ಬಂದಾಗಲೆಲ್ಲ ಬ್ರೇಕಿನ ಗುಂಡಿ ಒತ್ತಿದರು. ಹಿಂದಿನಿಂದ ಮೂವರೂ ಬಂದು ಗುದ್ದಿದರು. ಅವರ ಹಳದಿ ಕಾರು ಬುಗುರಿಯಂತೆ ತಿರುಗಿ, ಬಂದ ದಾರಿಯಲ್ಲೇ ವಾಪಸು ಹೊರಟಿತು. ಐದು ಆಟ ಆಡಿದರು, ಐದರಲ್ಲೂ ಇವರೇ ಕೊನೆ. ಪಿಸುಮಾತಿನ ಮೇಷ್ಟ್ರು ಸಂತೋಷಕ್ಕೆ ಕೂಗಲು ಹೋಗಿ ಕೆಮ್ಮಿದರು.

ಮಾರನೇ ದಿನ ಬೆಳಗಿನ ಬ್ಯಾಚು ಮುಗಿಸಿ ಒಂಬತ್ತಕ್ಕೆ ಮನೆಗೆ ಬಂದಾಗ ಮೇಷ್ಟ್ರ ಮುಖದಲ್ಲಿ ರಕ್ತ ಇರಲಿಲ್ಲ. ಸಂಜೆಗೆ ಇನ್ನು ಎಂಟು ಗಂಟೆ. ತನ್ನ ಬಿಳಿ ಕಾರು, ಅದರ ಬಾಗಿಲು, ಆ ಬಾಗಿಲಿಗೆ ಎದುರಾಗಿ ಊರಿನ ಗೋಡೆಗಳೆಲ್ಲ ಬರುತ್ತಿರುವುದು ಕಣ್ಣಿಗೆ ಕಟ್ಟಿತು.

“ಮೇಲ್ಮನೆಗೆ ಹೊಸದಾಗಿ ಬಂದಿದಾರಲ್ಲ ಅಕ್ಕ, ಅವ್ರು ಮೂವತ್ತು ವರ್ಷ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ರಂತೆ ಕಣ್ರೀ. ಹೋಗಿ ಕೇಳಿ,” ಎಂದಳು ಹೆಂಡತಿ.

“ಈ ವಯಸ್ಸಲ್ಲಿ ಹೋಗಿ ಆಟ ಕಲಿಸಿ ಅಂತ ಕೇಳ್ಲಾ? ನನಗೂ ಒಂದು ಮಾನ ಮರ್ಯಾದೆ ಇದೆ ಕಣೇ.”

“ನೀವು ಕೇಳೋದು ಬೇಡ ಬಿಡಿ. ನಾನಾಗ್ಲೇ ಹೇಳಿ ಬಂದಿದೀನಿ. ಎದುರುಮನೆ ದರ್ಜಿಗೂ ಹೇಳಿದೀನಿ, ನೋಡೋಕೆ ಬರ್ತಾರಂತೆ.”

ಮೇಲ್ಮನೆಯ ಅಕ್ಕನಿಗೆ ಅರವತ್ತು ದಾಟಿರಬೇಕು. ಅಂಗಡಿ ಮುಚ್ಚಿದ ಮೇಲೂ ಒಂದೊಂದು ಮಾದರಿಯ ಪೆಟ್ಟಿಗೆಯನ್ನು ಉಳಿಸಿಕೊಂಡು ಕಪಾಟಿನಲ್ಲಿ ಬಟ್ಟೆ ಮುಚ್ಚಿ ಇಟ್ಟಿದ್ದರು. ಆಟದ ಗುರುತು ಹೇಳುವಷ್ಟರಲ್ಲಿ ಕ್ಯಾಸೆಟ್ ಹುಡುಕಿ, ಅದರ ಬಾಯಿಗೆ ಉಫ್ ಎಂದು ಊದಿ, ಪೆಟ್ಟಿಗೆಗೆ ತುರುಕಿದರು. ಮೇಷ್ಟ್ರು ಯಾರು, ಏನು ಕೆಲಸ ಎಂಬುದನ್ನೆಲ್ಲ ಆಕೆ ವಿಚಾರಿಸಲಿಲ್ಲ. ಕಾರು ಕಲಿಸುವವನು ಆಟದ ಕಾರಿಗೆ ಹೆದರಿ ಬಂದಿದ್ದೇನೆ ಅಂತ ಹೇಳಲು ನಾಚಿಕೆಯಾಗಿ ಮೇಷ್ಟ್ರೂ ‘ಆಫೀಸಲ್ಲಿ ಒಂದು ಪಂದ್ಯ’ ಎಂದಷ್ಟೇ ಹೇಳಿದರು. ಬಾಗಿಲಲ್ಲಿ ದರ್ಜಿ ಕತ್ತಿಗೆ ಅಳತೆ ಪಟ್ಟಿ ನೇತುಹಾಕಿಕೊಂಡು ನಿಂತಾಗಿತ್ತು.

ಒಂದು ಆಟ ನೋಡಿ ಅಕ್ಕ ಕೇಳಿದರು, “ಕೆಳಮನೆಯವ್ರೇ, ನಿಮ್ಮ ಕಾಲಿಗೆ ಏನಾಗಿದೆ?”

“ಯಾಕೆ?”

“ನೆಲ ತುಳೀತಾನೇ ಇದೀರಿ. ಕೆಳಗೆ ನಿಮ್ಮನೆ ಸೂರು ಅಲ್ಲಾಡ್ತಿರ್ಬೇಕು.”

“ಕಾಲು ಒತ್ತಿದ ತಕ್ಷಣ ಬೆರಳೂ ಬ್ರೇಕ್ ಒತ್ತುತ್ತೆ,” ಎಂದ ದರ್ಜಿ ಬಾಗಿಲಿನಿಂದ. “ನಾನು ಹೊಲಿಯುವಾಗ ನನಗೂ ಹಾಗೇನೇ. ಕಾಲು ನಿಂತ್ರೆ ಕೈ ನಿಲ್ಲುತ್ತೆ.”

“ಹಾಗಾದ್ರೆ ಕಾಲನ್ನ ಕಟ್ಟಿ ಹಾಕ್ಬೇಕು. ಮೇಲೆ ಮಡಚ್ಕೊಂಡು ಕೂತ್ಕೊಳ್ಳಿ, ಚಕ್ಕಳಮಕ್ಕಳ ಹಾಕಿ,” ಎಂದರು ಅಕ್ಕ.

ಮೇಷ್ಟ್ರು ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ತೊಡೆಯ ಕೆಳಗೆ ಸಿಕ್ಕಿಕೊಂಡ ಬಲಗಾಲು ಒಂದೆರಡು ಸಲ ಒದ್ದಾಡಿ ಸುಮ್ಮನಾಯಿತು. ಆಶ್ಚರ್ಯವೆಂದರೆ ಬೆರಳೂ ಸುಮ್ಮನಾಯಿತು. ಹಳದಿ ಕಾರು ಮೊದಲ ಸಲ ನಿಲ್ಲದೆ ತಿರುವಿಗೆ ನುಗ್ಗಿ, ಗೋಡೆಗೆ ಬಡಿಯಿತು. ಮೇಷ್ಟ್ರು ‘ಅಯ್ಯಯ್ಯೋ’ ಎಂದು ಕಣ್ಣು ಮುಚ್ಚಿಕೊಂಡರು.

“ಕಣ್ಣು ಬಿಡಿ. ಏನಾಯ್ತು ಈಗ?” ಎಂದರು ಅಕ್ಕ.

“ಗುದ್ದಿದೆ.”

“ಗುದ್ದಿ?”

ಮೇಷ್ಟ್ರು ಕಣ್ಣು ಬಿಟ್ಟು ನೋಡಿದರು. ಕಾರು ಗೋಡೆಗೆ ಒರಗಿಕೊಂಡೇ ಜಾರಿ ತಿರುವು ದಾಟಿ ಓಡುತ್ತಿತ್ತು.

“ಅಷ್ಟೇ ಗುಟ್ಟು. ಗೋಡೆ ಇರೋದು ಹೆದರೋಕಲ್ಲ, ಒರಗೋಕೆ. ಒರಗಿಸಿ ತಿರುಗಿಸಿ. ಬ್ರೇಕ್ ಅನ್ನೋದನ್ನ ಮರ್ತೇಬಿಡಿ. ನಾನಂತೂ ಅದನ್ನ ಮುಟ್ಟಿ ಎಷ್ಟು ವರ್ಷ ಆಯ್ತೋ. ಇನ್ನು ಎಡ ಬಲದ ಗೊಂದಲ. ಮೇಲಿನಿಂದ ನೋಡ್ಬೇಡಿ. ನೀವೇ ಆ ಕಾರೊಳಗೆ ಕೂತಿದೀರಿ ಅಂದ್ಕೊಳ್ಳಿ.”

ಕಾರೊಳಗೆ ಕೂರುವುದು ಮೇಷ್ಟ್ರಿಗೆ ಹೊಸದೇ? ಆದರೆ ಇಪ್ಪತ್ತೆರಡು ವರ್ಷ ಪಕ್ಕದ ಸೀಟಿನಲ್ಲೇ ಕೂತಿದ್ದರು. ಈಗ ಮನಸ್ಸಿನಲ್ಲೇ ಚಾಲಕನ ಸೀಟಿಗೆ ಸರಿದರು. ಹತ್ತು ಆಟ ಸೋತರು. ಹನ್ನೊಂದನೆಯದರಲ್ಲಿ ಅಕ್ಕನ ಕೆಂಪು ಕಾರು ಹಿಂದಿನಿಂದ ಗುದ್ದಿದಾಗ ಹಳದಿ ಕಾರು ಮೂರು ಸುತ್ತು ತಿರುಗಿ, ಎಣ್ಣೆಯ ಮಡುವಿನಲ್ಲಿ ಜಾರಿ, ಅಷ್ಟರಲ್ಲಿ ತಾನೂ ಆಟಕ್ಕೆ ಕೂತಿದ್ದ ದರ್ಜಿಯ ನೀಲಿ ಕಾರನ್ನೂ ಎಳೆದುಕೊಂಡು ಗೋಡೆಗೆ ಹೋಗಿ ಬಿತ್ತು. ಯಾರೋ ಜೋರಾಗಿ ನಕ್ಕರು. ನಕ್ಕವರು ತಾವೇ ಎಂದು ಗೊತ್ತಾಗಲು ಮೇಷ್ಟ್ರಿಗೆ ಒಂದು ಗಳಿಗೆ ಬೇಕಾಯಿತು.

ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು. ಇಷ್ಟು ವರ್ಷ ಎದೆಯಲ್ಲಿ ಕೂತು ‘ಏನಾಗುತ್ತದೋ, ಏನಾಗುತ್ತದೋ’ ಎನ್ನುತ್ತಿದ್ದುದು ಬಾಯಿ ಮುಚ್ಚಿತ್ತು. ಆಗಬಾರದ್ದು ಆಗಿಹೋಗಿತ್ತು, ಆದರೂ ಕಾರು ಓಡುತ್ತಿತ್ತು.

“ಇನ್ನೊಂದು ಆಟ ಅಕ್ಕಾ!” ಎಂದರು.

ಊಟಕ್ಕೆ ಕರೆಯಲು ಬಂದ ಹೆಂಡತಿ ಎರಡು ಸಲ ಬರಿಗೈಯಲ್ಲಿ ವಾಪಸು ಹೋದಳು. ಮೂರನೇ ಸಲ ತಟ್ಟೆಯನ್ನೇ ಮೇಲಕ್ಕೆ ತಂದಳು. ಹೊರಡುವಾಗ ಅಕ್ಕ ಕೈ ಮುಂದೆ ಚಾಚಿ, “ಬ್ರೇಕ್ ಮುಟ್ಟಲ್ಲ ಅಂತ ನನಗೆ ಮಾತು ಕೊಡಿ,” ಎಂದರು. ಮೇಷ್ಟ್ರು ಅವರ ಅಂಗೈ ಮೇಲೆ ಕೈಯಿಟ್ಟು ಮಾತು ಕೊಟ್ಟರು. ದರ್ಜಿ ಸಾಕ್ಷಿ.

ಆದರೆ ಸ್ಕೂಲಿನ ಮೆಟ್ಟಿಲು ಹತ್ತುವಾಗ ಭಯ ಮತ್ತೆ ಬಂತು. ಪೆಟ್ಟಿಗೆಯ ಮುಂದೆ ನಾಲ್ಕು ಕುರ್ಚಿ ಹಾಕಿದ್ದರು. ಮೇಷ್ಟ್ರು ಅಭ್ಯಾಸವಾಗಲೆಂದು ನಾಲ್ಕೂಕಾಲಿಗೇ ಬಂದು, ಚಪ್ಪಲಿ ಬಿಟ್ಟು, ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವರು ಮತ್ತೆ ಕಾಲು ಇಳಿಸಲಿಲ್ಲ. ಇಳಿಸಿದರೆ ಬ್ರೇಕು ಒತ್ತಿಬಿಡುತ್ತದೆ ಎಂಬ ಹೆದರಿಕೆ.

“ಏನ್ ಸಾರ್, ಧ್ಯಾನಾನಾ?” ಎಂದು ಪಿಸುಗುಟ್ಟಿದರು ಪಿಸುಮಾತಿನ ಮೇಷ್ಟ್ರು.

ಐದಕ್ಕೆ ಪಂದ್ಯ ಶುರುವಾಯಿತು. ಹದಿನೈದು ಸುತ್ತು. ನ್ಯಾಯ ನೋಡಲು ಕೂತ ಮಾಲೀಕರು ಮೊದಲ ತಿರುವಿನಲ್ಲೇ ಮೂವರನ್ನೂ ಗುದ್ದಿ ಮುಂದೆ ಹೋದರು. ಹಳದಿ ಕಾರು ಬುಗುರಿಯಾಯಿತು. ಬಲಗಾಲು ತೊಡೆಯ ಕೆಳಗೆ ಮಿಸುಕಿತು. ‘ಮಾತು ಕೊಟ್ಟಿದೀನಿ,’ ಎಂದು ಅದನ್ನು ಗದರಿಸಿ, ಗೋಡೆಗೆ ಒರಗಿಸಿ ತಿರುಗಿಸಿದರು. ಇನ್ನೊಮ್ಮೆ ಒರಗಿಸಿದರು. ಆರನೇ ಸುತ್ತಿಗೆ ಕತ್ತುಪಟ್ಟಿ ಮೇಷ್ಟ್ರ ಕಾರಿನ ಬೆನ್ನಿಗೇ ಬಂದರು. ಕತ್ತುಪಟ್ಟಿಯವರಿಗೆ ತಿರುವು ಬಂದಾಗ ತಲೆ ವಾಲಿಸಲಾಗದೆ ಇಡೀ ಮೈ ವಾಲಿಸಬೇಕಿತ್ತು; ಹನ್ನೆರಡನೇ ಸುತ್ತಿನಲ್ಲಿ ಜಾಸ್ತಿಯೇ ವಾಲಿ ಪಕ್ಕದ ಪಿಸುಮಾತಿನವರ ತೊಡೆಯ ಮೇಲೆ ಬಿದ್ದರು. ಎರಡು ಕಾರೂ ಒಂದನ್ನೊಂದು ತಬ್ಬಿಕೊಂಡು ಎಣ್ಣೆಯಲ್ಲಿ ನಿಂತವು. ಹಳದಿ ಕಾರು ಗೋಡೆ ಸವರಿಕೊಂಡು ಪಕ್ಕದಲ್ಲೇ ಹಾದುಹೋಯಿತು.

ಮಾಲೀಕರು ಮೊದಲು, ಬ್ರೇಕ್ ಮೇಷ್ಟ್ರು ಎರಡು, ಪಿಸುಮಾತು ಮೂರು. ಕೊನೆಗೆ ಬಂದ ಕತ್ತುಪಟ್ಟಿ ಮೇಷ್ಟ್ರು ಎರಡೂ ಕೈಯಲ್ಲಿ ಕತ್ತು ಹಿಡಿದುಕೊಂಡು, “ಮತ್ತೆ ನನಗೇನಾ?” ಎಂದು ಅಳುದನಿ ತೆಗೆದರು.

ಗೆದ್ದವರು ಎದ್ದು ಮನೆಗೆ ಹೋಗಬೇಕಿತ್ತು. ಆದರೆ ಮೇಷ್ಟ್ರಿಗೆ ರುಚಿ ಹತ್ತಿಬಿಟ್ಟಿತ್ತು. “ಇನ್ನೊಂದು ಆಟ ಆಡೋಣ, ಸುಮ್ನೆ ಖುಷಿಗೆ,” ಎಂದರು. ಒಂದಲ್ಲ, ಮೂರು ಆಡಿದರು. ನಾಲ್ಕನೆಯದಕ್ಕೆ ಆಟದ ರಿಮೋಟು ಸರಿಮಾಡಿಕೊಳ್ಳುವಾಗ ಗೋಡೆಯ ಗಡಿಯಾರ ಐದೂವರೆ ಹೊಡೆಯಿತು. ಬಾಗಿಲಲ್ಲಿ ಚಪ್ಪಲಿ ಸದ್ದಾಯಿತು.

“ಅಯ್ಯೋ ಕೆಳಮನೆಯವ್ರೇ! ನೀವು ಇಲ್ಲಿ ಮೇಷ್ಟ್ರಾ? ಬೆಳಗ್ಗೆ ಒಂದು ಮಾತು ಹೇಳ್ಬಾರ್ದಾ?”

ಮೇಲ್ಮನೆಯ ಅಕ್ಕ! ಕೈಯಲ್ಲಿ ಕಲಿಕೆಯ ಲೈಸೆನ್ಸು.

ಮೇಷ್ಟ್ರ ಕೈಯಿಂದ ರಿಮೋಟು ಜಾರಿತು.

“ಇವತ್ತಿಂದ ಮತ್ತೆ ನಿಮಗೆ ಕತ್ತುಪಟ್ಟಿ ಮೇಷ್ಟ್ರೇ ಅಮ್ಮಾ,” ಎಂದರು ಮಾಲೀಕರು.

“ಬೇಡಪ್ಪ ಬೇಡ. ಇವ್ರಿಬ್ರೂ ನಾನು ಕಾರು ತಿರುಗಿಸೋಕೆ ಹೋದಾಗೆಲ್ಲ ಬ್ರೇಕ್ ಒತ್ತಿ ಒತ್ತಿ ನನ್ನನ್ನ ಆರು ಸಲ ಫೇಲ್ ಮಾಡ್ಸಿದಾರೆ. ನನಗೆ ಇವ್ರೇ ಬೇಕು. ಬ್ರೇಕ್ ಮುಟ್ಟಲ್ಲ ಅಂತ ನನ್ನ ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟಿದಾರೆ. ದರ್ಜಿ ಸಾಕ್ಷಿ ಇದಾನೆ ಬೇಕಾದ್ರೆ.”

“ಅದು ಆಟಕ್ಕೆ ಅಕ್ಕಾ!” ಎಂದು ಮೇಷ್ಟ್ರು ಕಿರುಚಿದರು. “ಸಾರ್, ನಾನು ಗೆದ್ದಿದೀನಿ! ಎರಡನೇದಾಗಿ ಬಂದಿದೀನಿ!”

“ಗೆದ್ದಿದೀರಿ, ನಿಜ,” ಎಂದರು ಮಾಲೀಕರು. “ಆದ್ರೆ ಗಿರಾಕಿ ಬಾಯಿಬಿಟ್ಟು ಕೇಳಿದ ಮೇಲೆ ಇಲ್ಲ ಅನ್ನೋಕಾಗುತ್ತಾ? ಹೊರಡಿ.”

ಮೇಷ್ಟ್ರು ಓಡಿಹೋಗುವ ಉದ್ದೇಶದಿಂದಲೇ ಎದ್ದರು. ಎದ್ದವರು ಹಾಗೇ ಕುಸಿದರು. ಒಂದೂಕಾಲು ಗಂಟೆ ಮಡಚಿಟ್ಟ ಕಾಲುಗಳಿಗೆ ಜೋಮು ಹಿಡಿದು, ಅವು ಇವೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. “ಕಾಲು! ನನ್ನ ಕಾಲು!” ಎಂದರು. ನೆಪ ಹೇಳುತ್ತಿದ್ದಾರೆಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕತ್ತುಪಟ್ಟಿಯವರೂ ಪಿಸುಮಾತಿನವರೂ ಒಂದೊಂದು ರಟ್ಟೆ ಹಿಡಿದು, ಬಹಳ ಪ್ರೀತಿಯಿಂದ ಎತ್ತಿಕೊಂಡು ಹೋಗಿ ಬಿಳಿ ಕಾರಿನಲ್ಲಿ ಕೂರಿಸಿ ಬಾಗಿಲು ಹಾಕಿದರು.

“ಬೆಳಗ್ಗೆ ನಾನು ಮೇಷ್ಟ್ರು, ಈಗ ನೀವು ಮೇಷ್ಟ್ರು,” ಎಂದು ಅಕ್ಕ ಗಾಡಿ ಶುರು ಮಾಡಿದರು.

ಮೇಷ್ಟ್ರು ಬಲಗಾಲನ್ನು ಎರಡೂ ಕೈಯಲ್ಲಿ ಎತ್ತಿ ಬ್ರೇಕಿನ ಮೇಲೆ ಇಟ್ಟರು. ಅದು ಹಿಟ್ಟಿನ ಚೀಲದ ಹಾಗೆ ಪಕ್ಕಕ್ಕೆ ಜಾರಿತು. ಮತ್ತೆ ಎತ್ತಿಟ್ಟರು, ಮತ್ತೆ ಜಾರಿತು. ಬೀದಿಯ ಕೊನೆಯಲ್ಲಿ ತಿರುವು, ತಿರುವಿಗೆ ಒಂದು ಉದ್ದನೆಯ ಕಲ್ಲಿನ ಗೋಡೆ.

“ಅಕ್ಕಾ, ಬ್ರೇಕು!”

“ಒರಗಿಸಿ ತಿರುಗಿಸೋದೇ ಅಲ್ವಾ?” ಎಂದು ಅಕ್ಕ ಗೋಡೆಯ ಕಡೆಗೆ ತಿರುಗಿಸಿದರು.

ಮೇಷ್ಟ್ರು ತಲೆ ಬಾಚಿಕೊಳ್ಳುತ್ತಿದ್ದ ಬಾಗಿಲು ಆ ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಕರಕರನೆ ಉಜ್ಜಿಕೊಂಡು ಹೋಯಿತು. ಕಾರು ತಿರುವನ್ನು ಮಾತ್ರ ಅಚ್ಚುಕಟ್ಟಾಗಿ ದಾಟಿತು. ಆಚೆ ಬದಿಯಲ್ಲಿ ಅಕ್ಕ ತಾವಾಗಿ ಗಾಡಿ ನಿಲ್ಲಿಸಿ, ಬೆವರು ಒರೆಸಿಕೊಂಡು, ಮುಖ ಅರಳಿಸಿ ಇವರ ಕಡೆ ನೋಡಿದರು.

“ಏಳು ತಿಂಗಳಾಯ್ತು ಮೇಷ್ಟ್ರೇ, ಬ್ರೇಕ್ ಒತ್ತದೇ ಇರೋ ಒಬ್ರು ಈಗ ಸಿಕ್ರು ನನಗೆ. ಇನ್ಮೇಲೆ ದಿನಾ ನೀವೇ. ಇನ್ನೊಂದು ಸುತ್ತು ಹೋಗೋಣ್ವಾ?”

ಆ ಹೊತ್ತಿಗೆ ಸರಿಯಾಗಿ ಬಲಗಾಲಿಗೆ ಜೀವ ಬಂತು. ಅದು ನಿಂತಿದ್ದ ಕಾರಿನ ಬ್ರೇಕನ್ನು ಬಲವಾಗಿ ಒತ್ತಿತು.